ಟಿವಿಯ ಮೇಲೆ ಬಂದ ಮಾತು

ಅಕ್ಕಲಕೋಟ
ಮಂಗಳವಾರ, ೧೫ ಏಪ್ರಿಲ್ ೨೦೨೫

ಮುದ್ದಿನ ಉಜ್ವಲಾಗೆ ನಿನ್ನ ಅವ್ವನ ಆಶೀರ್ವಾದ.

ನಾವೆಲ್ಲ ಆರಾಮ ಇದ್ದೇವೆ. ಮರವಡೆಯಲ್ಲಿ ನೀನೂ ಅಳಿಯಂದಿರೂ ಆರಾಮ ಇದ್ದೀರಿ ಎಂದು ನಂಬಿ ಕ್ಷೇಮಸಮಾಚಾರವನ್ನು ಇಲ್ಲಿಗೇ ಮುಗಿಸುತ್ತೇನೆ. ಹೇಳಬೇಕಾದದ್ದು ಬೇರೆಯೇ ಇದೆ, ಬೆಳಗಿನಿಂದ ಅದು ಗಂಟಲ ತನಕ ಬಂದು ಕೂತಿದೆ. ಇದೇ ಗುಂಗಿನಲ್ಲಿ ಚಹಾಕ್ಕೆ ಇಟ್ಟ ಹಾಲನ್ನು ಉಕ್ಕಿಸಿಬಿಟ್ಟೆ. ನಿನ್ನ ವೈನಿ, ನನ್ನ ಸೊಸೆ ಮನೀಷಾ ನನ್ನ ಕೈಯಿಂದ ಇಕ್ಕಳ ಕಸಿದುಕೊಂಡು, ಹೋಗಿ ಮೊದಲು ಪತ್ರ ಬರೆಯಿರಿ ಎಂದು ಸನ್ನೆ ಮಾಡಿ ಅಡುಗೆಮನೆಯಿಂದ ಹೊರಗೆ ಕಳಿಸಿದಳು.

ಮನೆಗೆ ಹೊಸ ವಸ್ತು ಬಂದಿದೆ. ನಮ್ಮ ಟಿವಿ ನಿನಗೆ ಗೊತ್ತಲ್ಲ, ಗೋಡೆ ತುಂಬ ಅಗಲ, ಆದರೆ ಇಂಟರ್ನೆಟ್ಟಿನ ಗಂಧಗಾಳಿ ಇಲ್ಲದ್ದು. ನಿಮ್ಮ ಅಪ್ಪನಿಗೆ ಕ್ರಿಕೆಟ್ ಬೇಕು. ಅದಕ್ಕೆ ಒಂದು ಡಬ್ಬಿ ಸಿಗುತ್ತದಂತೆ, ಟಿವಿಗೆ ಹಚ್ಚಿ ರಿಮೋಟು ಒತ್ತಿದರೆ ಮ್ಯಾಚು, ಸಿನಿಮಾ, ಧಾರಾವಾಹಿ ಎಲ್ಲ ಬರುತ್ತದಂತೆ. ಸೊಲ್ಲಾಪುರಕ್ಕೆ ಅಂಗಡಿಯ ಸರಕಿಗೆ ಹೋದಾಗ ತರೋಣ ಎಂದು ನಿಮ್ಮ ಅಣ್ಣ ಗುರುಶಾಂತ ಒಪ್ಪಿಕೊಂಡ. ಅವನ ಮಗಳು ಸ್ನೇಹಲ ಒಪ್ಪಲಿಲ್ಲ. ಡಬ್ಬಿಯ ಬದಲು ಪುಟ್ಟ ಕಂಪ್ಯೂಟರ್ ತನ್ನಿ, ಟಿವಿಯೇ ಅದರ ಪರದೆಯಾಗುತ್ತದೆ, ಮುತ್ಯಾನ ಮ್ಯಾಚೂ ಆಗುತ್ತದೆ, ನನ್ನ ಕಾಲೇಜಿನ ಕೆಲಸವೂ ಆಗುತ್ತದೆ ಎಂದು ಹಟ ಹಿಡಿದಳು. ಮನೆಯಲ್ಲಿ ಎರಡು ಪಕ್ಷವಾಯಿತು. ಆಗ ನನಗೆ ತಿಳಿದದ್ದು ಅವರ ಕೈ ನೋಡಿ, ಉಳಿದ ವಿವರ ಗೊತ್ತಾದದ್ದು ಆಮೇಲೆ. ನಿಮ್ಮ ಅಪ್ಪ ಗಾಳಿಯಲ್ಲಿ ರಿಮೋಟು ಒತ್ತುತ್ತಿದ್ದರು, ಸ್ನೇಹಲ ಗಾಳಿಯಲ್ಲಿ ಟೈಪು ಮಾಡುತ್ತಿದ್ದಳು.

ನನಗೆ ಎರಡೂ ಒಂದೇ ಆಗಿದ್ದವು. ಟಿವಿ ಎಂದರೆ ನನ್ನ ಪಾಲಿಗೆ ಬಾಯಿ ತೆರೆದು ಮುಚ್ಚುವ ಜನ, ಅಷ್ಟೇ. ಕಿವಿಯ ಮಷೀನು ಹಾಕಿಕೊಂಡರೆ ಫ್ಯಾನು ಕೇಳುತ್ತದೆ, ಪಾತ್ರೆ ಕೇಳುತ್ತದೆ, ಮನುಷ್ಯರ ಮಾತು ಮಾತ್ರ ಕೇಳುವುದಿಲ್ಲ. ನಿನಗೆ ಇದುವರೆಗೆ ಬರೆಯದ ಇನ್ನೊಂದು ವಿಷಯವೂ ಇದೆ. ನಿಮ್ಮ ಅಪ್ಪ ನನ್ನ ಜೊತೆ ಮಾತು ಬಿಟ್ಟಿದ್ದರು. ಜಗಳವಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದರು, ಬೇಕಾದದ್ದಕ್ಕೆ ಬೆರಳು ತೋರಿಸುತ್ತಿದ್ದರು, ಮುಖ ಆ ಕಡೆ ತಿರುಗಿಸಿ ಕೂಡುತ್ತಿದ್ದರು. ಕಿವುಡಿಯ ಸಂಗಡ ಬಾಳಿ ಬೇಸತ್ತಿದ್ದಾರೆ ಎಂದುಕೊಂಡಿದ್ದೆ. ಮಗಳಿಗೆ ಇಂಥದ್ದನ್ನು ಹೇಗೆ ಬರೆಯುವುದು?

ಗುರುವಾರ ಸೊಲ್ಲಾಪುರಕ್ಕೆ ಹೋದೆವು. ನನ್ನ ಮಷೀನಿಗೆ ಸೆಲ್ಲು ಬೇಕಿತ್ತು, ಅದಕ್ಕೇ ನಾನೂ ಗಾಡಿ ಹತ್ತಿದೆ. ಟಿವಿ ಅಂಗಡಿಯ ಅಮೃತಪ್ಪ ನಿಮ್ಮ ಅಪ್ಪನಿಗೆ ಹಳೆಯ ಪರಿಚಯ. ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ ಎರಡೂ ವಸ್ತು ತಂದಿಟ್ಟ. ಡಬ್ಬಿ ಮೈಸಾಬೂನಿನಷ್ಟು, ಕಂಪ್ಯೂಟರ್ ನಮ್ಮ ಮಸಾಲೆ ಡಬ್ಬಿಯಷ್ಟು. ಮೊದಲು ಡಬ್ಬಿ ಹಚ್ಚಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣಬಣ್ಣದ ಚಿತ್ರಗಳು ಬಂದವು. ನಿಮ್ಮ ಅಪ್ಪ ಕೈಯನ್ನು ಜೇಬಿಗೇ ಹಾಕಿಬಿಟ್ಟರು. ಸ್ನೇಹಲ ಮುಖ ಸಣ್ಣದು ಮಾಡಿದಳು. ಹುಡುಗಿಯ ಸಮಾಧಾನಕ್ಕೆ ಎಂದು ಅಮೃತಪ್ಪ ಕಂಪ್ಯೂಟರನ್ನೂ ಹಚ್ಚಿ, ಕೀಬೋರ್ಡನ್ನು ನಿಮ್ಮ ಅಪ್ಪನ ಮುಂದೆ ಇಟ್ಟ. ಅವರು ಅದನ್ನು ಹಿಂದಕ್ಕೆ ತಳ್ಳಿದರು. ಟೈಪು ಬರದಿದ್ದರೆ ಬಾಯಿಂದ ಹೇಳಿದರೂ ನಡೆಯುತ್ತದೆ ಎಂದು ತೋರಿಸಲು ಅವನು ಒಂದು ಸಣ್ಣ ಮೈಕು ಸಿಕ್ಕಿಸಿ, ಭಾಷೆ ಕನ್ನಡ ಮಾಡಿ, ಏನೋ ಅಂದ.

ಉಜ್ವಲಾ, ಗೋಡೆಯ ಮೇಲಿನ ಅಷ್ಟು ದೊಡ್ಡ ಟಿವಿಯಲ್ಲಿ ಕನ್ನಡ ಅಕ್ಷರ ಬಂತು. 'ನಮಸ್ಕಾರ ಕಾಕಾ ಹೆಂಗ ಅದೀರಿ' ಎಂದು ಬಂತು. ನಾನು ಕನ್ನಡಕ ಸರಿ ಮಾಡಿಕೊಂಡೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು, ಅಮೃತಪ್ಪ ಮೈಕು ಹಾಗೇ ಬಿಟ್ಟು ಆ ಕಡೆ ಹೋದ. ಪರದೆಯ ಮೇಲೆ ಹೊಸ ಸಾಲು ಬಂತು: 'ಅವ್ವನ್ನೂ ಒಂದ್ ಮಾತ್ ಕೇಳೂಣು.' ಅದು ಗುರುಶಾಂತ ಅಂದದ್ದು. ಆಮೇಲೆ ನಿಮ್ಮ ಅಪ್ಪನ ತುಟಿ ಅಲುಗಿತು. ಅಕ್ಷರ ಅರ್ಧಕ್ಕರ್ಧ ಸೊಟ್ಟಗೆ ಬಂದಿದ್ದವು, ನಾನು ನೆಟ್ಟಗೆ ಮಾಡಿ ಬರೆಯುತ್ತೇನೆ.

'ಏನ್ ಕೇಳ್ತಿ. ಕೇಳಬೇಕಂದ್ರ ಒದರಬೇಕು. ಒದರಿದ್ರ ಬೈದಂಗ ಕಾಣ್ತದ. ಮಂದಿ ಮುಂದ ಆಕಿ ಮಾರಿ ಬಾಡ್ತದ, ನನಗ ನೋಡಾಕ ಆಗೂದಿಲ್ಲ. ಅದಕ್ಕ ನಾ ಸುಮ್ಮನ ಇರ್ತೀನಿ.'

ಕೊನೆಯ ಸಾಲಿನಲ್ಲಿ 'ಸುಮ್ಮನ' ಎಂಬುದು 'ಸುಮನ' ಎಂದು ಬಿದ್ದಿತ್ತು. ನಾನು ಓದಿದೆ. ಮತ್ತೆ ಓದಿದೆ. ಕೇಳಬೇಕಾದದ್ದು ಬೇಕಾದಷ್ಟಿತ್ತು, ಆದರೆ ಬಾಯಿಂದ ಬಂದದ್ದು ಬೇರೆಯೇ.

'ಯಾರ್ರಿ ಈ ಸುಮನ?'

ಇಡೀ ಅಂಗಡಿ ನನ್ನ ಕಡೆ ತಿರುಗಿತು. ಸ್ನೇಹಲ ಕೌಂಟರ್ ಹಿಡಿದುಕೊಂಡು ನಕ್ಕಳು. ಗುರುಶಾಂತನೂ ನಕ್ಕ. ನಿಮ್ಮ ಅಪ್ಪ ಮಾತ್ರ ನಗಲಿಲ್ಲ. ಪರದೆ ನೋಡಿದರು, ನನ್ನನ್ನು ನೋಡಿದರು, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಾನು ಅದನ್ನೆಲ್ಲ ಓದಿದ್ದೇನೆ ಎಂದು ಅವರಿಗೆ ಆಗ ತಿಳಿಯಿತು. ಬಾವಿಗೆ ಬಗ್ಗುವವರ ಹಾಗೆ ನಿಧಾನವಾಗಿ ಮೈಕಿನ ಮೇಲೆ ಬಗ್ಗಿ ಏನೋ ಅಂದರು. ನಾನು ಪರದೆ ನೋಡಿದೆ. 'ಶಾರದಾ ಚಾ ಕುಡೀತಿಯೇನು' ಎಂದು ಬಂದಿತ್ತು.

ಕುಡಿಯುತ್ತೇನೆ ಎಂದೆ. ಗಂಡ ಚಹಾ ಬೇಕೇ ಎಂದು ಕೇಳಿದ್ದಕ್ಕೆ ಅಂಗಡಿಯಲ್ಲಿ ಕೂತು ಕಣ್ಣು ಒರೆಸಿಕೊಳ್ಳುವ ಹೆಂಗಸನ್ನು ಅಮೃತಪ್ಪ ಹಿಂದೆಂದೂ ನೋಡಿರಲಿಕ್ಕಿಲ್ಲ.

ಯಾವುದು ತೆಗೆದುಕೊಳ್ಳೋಣ ಎಂದು ನನ್ನನ್ನೇ ಕೇಳಿದರು. ನಾನು ಎದ್ದುಹೋಗಿ ಕಂಪ್ಯೂಟರಿನ ಮೇಲೆ ಕೈ ಇಟ್ಟು 'ನನಗ ಇದ ಬೇಕು' ಎಂದೆ. ಅಮೃತಪ್ಪ ಒಳ್ಳೆಯವನು, ತೊಂದರೆಗಳನ್ನೂ ಮೈಕಿನಲ್ಲೇ ಹೇಳಿದ. ಡಬ್ಬಿಯಷ್ಟು ಸಲೀಸಲ್ಲ, ಶುರುವಾಗಲು ಹೊತ್ತು ಹಿಡಿಯುತ್ತದೆ, ಆಗಾಗ ತಾನೇ ಏನೋ ರಿಪೇರಿ ಮಾಡಿಕೊಳ್ಳುತ್ತ ಕೂಡುತ್ತದೆ, ರಿಮೋಟು ಇಲ್ಲ. ಇದೇ ಕೆಲಸ ಫೋನಿನಲ್ಲೂ ಆಗುತ್ತದೆ ಎಂದೂ ತೋರಿಸಿದ. ಆ ಇರುವೆಯಂಥ ಅಕ್ಷರ ನನ್ನ ಕಣ್ಣಿಗೆ ಎಲ್ಲಿ ಕಾಣಬೇಕು? ಅದೂ ಅಲ್ಲದೆ, ಮನೆಯವರೆಲ್ಲ ಕೂಡುವುದು ಟಿವಿಯ ಮುಂದೆ. ನನಗೂ ಅಲ್ಲೇ ಕೂಡಬೇಕಿತ್ತು.

ಮನೆಗೆ ಬಂದ ಸಂಜೆಯೇ ಫಜೀತಿ. ಅವತ್ತು ದೊಡ್ಡ ಮ್ಯಾಚು. ಚಿತ್ರ ಬಂದರೆ ದನಿ ಇಲ್ಲ, ದನಿ ಬಂದರೆ ಚಿತ್ರ ನಿಲ್ಲುತ್ತಿತ್ತು. ನಿಮ್ಮ ಅಪ್ಪ ಎದ್ದು ಹೊರಗೆ ಹೋದರು, ಬಂದರು, ಮತ್ತೆ ಹೋದರು. ಸ್ನೇಹಲ ಬೆವರು ಸುರಿಸಿ ಎಲ್ಲ ಸರಿ ಮಾಡಿದಳು, ಪರದೆಯ ಒಂದು ಪಾಲಿಗೆ ಮ್ಯಾಚು, ಇನ್ನೊಂದು ಪಾಲಿಗೆ ನನ್ನ ಅಕ್ಷರ. ಆದರೆ ಮ್ಯಾಚಿನವರ ಹಿಂದಿ ಮೈಕಿಗೆ ಹೊಕ್ಕು, ಕನ್ನಡದಲ್ಲಿ ತಲೆಬುಡವಿಲ್ಲದ ಸಾಲುಗಳು ಸುರಿಯತೊಡಗಿದವು. ನಿಮ್ಮ ಅಪ್ಪ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೇ ಹೇಳಿ ಟಿವಿಯ ದನಿ ಬಂದ್ ಮಾಡಿಸಿದರು. ಈಗ ಅವರೂ ನನ್ನ ಹಾಗೆ ದನಿಯಿಲ್ಲದ ಮ್ಯಾಚು ನೋಡುತ್ತಾರೆ, ಯಾರು ಔಟಾದರು ಎಂದು ಮೈಕಿಗೆ ಹೇಳುತ್ತಾರೆ. ಕ್ರಿಕೆಟ್ ಇಷ್ಟು ಚೆಂದ ಎಂದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಮನೆಯ ಮಾತು ಅದಕ್ಕೆ ಪೂರಾ ತಿಳಿಯುವುದಿಲ್ಲ. ಮರಾಠಿ ಬೆರೆಸಿದರೆ ದಾರಿ ತಪ್ಪುತ್ತದೆ. ಅದಕ್ಕೆ ನಿಮ್ಮ ಅಪ್ಪ ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ 'ನಿಮ್ಮ ಊಟ ಆಯಿತೇ' ಎಂದು ಕೇಳುತ್ತಾರೆ, ಮನೀಷಾ ಸೆರಗು ಬಾಯಿಗಿಟ್ಟು ನಗುತ್ತಾಳೆ. ಮರಾಠಿ ಶಾಲೆಯಲ್ಲಿ ಕಲಿತ ಸ್ನೇಹಲಳಿಗೆ ಕನ್ನಡ ಓದಲು ಬರುವುದಿಲ್ಲ ನೋಡು. ತಾನು ಅಂದದ್ದು ಸರಿಯಾಗಿ ಬಿತ್ತೋ ಇಲ್ಲವೋ ತಿಳಿಯದೆ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನನ್ನನ್ನು ಕೇಳುತ್ತಾಳೆ. ಮೊನ್ನೆ, ಅವಳು ನನ್ನನ್ನು ಕರೆಯುವ 'ಆಯಿ' ಎಂಬುದನ್ನು ತಾನೇ ಓದಿದಳು. ಇನ್ನೊಂದು ಗುಟ್ಟೂ ಹೊರಬಿತ್ತು. ನನ್ನ ಸಾರಿಗೆ ಎಷ್ಟೋ ದಿನದಿಂದ ಉಪ್ಪು ಜಾಸ್ತಿಯಂತೆ, ಎಲ್ಲರೂ ಮಾತಾಡದೆ ಉಣ್ಣುತ್ತಿದ್ದರಂತೆ.

ಆದರೆ ಎಲ್ಲವೂ ನಗುವಿನ ಮಾತಲ್ಲ. ಭಾನುವಾರ ಊಟವಾದ ಮೇಲೆ ಗುರುಶಾಂತ ಮೈಕು ಬಂದ್ ಮಾಡಿ ಮಾತಿಗೆ ಕೂತ. ಪರದೆ ಬೆಳ್ಳಗಿತ್ತು, ಬಾಯಿಗಳು ಆಡುತ್ತಿದ್ದವು, ಕಣ್ಣುಗಳು ಕದ್ದು ನನ್ನ ಕಡೆ ಬರುತ್ತಿದ್ದವು. ಮೊದಲಾಗಿದ್ದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಈ ಸಲ ಹೋಗಿ ಮೈಕಿನ ಗುಂಡಿ ಒತ್ತಿದೆ.

'ನನ್ನ ಸುದ್ದಿ ನನ್ನ ಮುಂದ ಆಡ್ರಿ' ಎಂದೆ.

ಗುರುಶಾಂತನ ಮುಖ ಕೆಂಪಾಯಿತು. ಆದರೂ ಹೇಳಿದ. ಹೋದ ವಾರ ಗುಡಿಯ ರಸ್ತೆಯಲ್ಲಿ ನನ್ನ ಹಿಂದೆ ರಿಕ್ಷಾ ಹಾರ್ನು ಹೊಡೆಯುತ್ತ ಬಂದಿತಂತೆ, ನಾನು ಸರಿಯಲೇ ಇಲ್ಲವಂತೆ, ಕೂದಲೆಳೆಯಲ್ಲಿ ಉಳಿದೆನಂತೆ. ಯಾರೋ ನೋಡಿದವರು ಅವನಿಗೆ ಹೇಳಿದ್ದರು. ಇನ್ನು ಮೇಲೆ ಅವ್ವನನ್ನು ಗುಡಿಗೆ ಕಳಿಸುವುದು ಬೇಡ ಎಂದು ಮಾತಾಗುತ್ತಿತ್ತು. ಆ ರಿಕ್ಷಾ ಬಂದದ್ದೇ ನನಗೆ ಗೊತ್ತಿರಲಿಲ್ಲ. ಆದರೂ ಬಿಡಲಿಲ್ಲ. ಬೆಳಗಿನ ಆ ನಡಿಗೆ ಹೋದರೆ ನನಗೆ ಉಳಿಯುವುದು ನಾಲ್ಕು ಗೋಡೆ. ಅವನು ಒಂದು ಅಂದ, ನಾನು ಒಂದು ಅಂದೆ, ಅವನು ಅಂದದ್ದೆಲ್ಲ ಸಾಲುಸಾಲಾಗಿ ಎದುರಿಗೆ ನಿಂತಿತ್ತು, ಒಂದಕ್ಕೂ ಉತ್ತರ ಕೊಡದೆ ಬಿಡಲಿಲ್ಲ. ಎಷ್ಟು ವರ್ಷವಾಗಿತ್ತೋ ಈ ಮನೆಯಲ್ಲಿ ನಾನು ಹಾಗೆ ವಾದ ಮಾಡಿ. ಕಡೆಗೆ ನಿಮ್ಮ ಅಪ್ಪ ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿ ಮೈಕಿನ ಕಡೆ ಬಗ್ಗಿದರು. 'ನಾ ಹೋಗ್ತೀನಿ ಆಕಿ ಜೋಡಿ' ಎಂದು ಬಂತು.

ನಿನ್ನೆಯೂ ಇವತ್ತೂ ಇಬ್ಬರೂ ಹೋಗಿಬಂದೆವು. ಅವರು ರಸ್ತೆಯ ಕಡೆ, ನಾನು ಗೋಡೆಯ ಕಡೆ. ದಾರಿಯಲ್ಲಿ ಅಕ್ಷರ ಇಲ್ಲ, ಆದರೆ ಗಾಡಿ ಬಂದರೆ ಮೊಳಕೈ ಹಿಡಿದು ಎಳೆಯುತ್ತಾರೆ. ಇವತ್ತು ಗಾಡಿ ಇಲ್ಲದ ಕಡೆಯೂ ಹಿಡಿದೇ ಇದ್ದರು. ನಿಮ್ಮ ಅಣ್ಣನಿಗೆ ಇದನ್ನು ಹೇಳಬೇಡ.

ಈ ಭಾನುವಾರ ಮಧ್ಯಾಹ್ನ ಟಿವಿಯಲ್ಲೇ ನಿನಗೆ ವಿಡಿಯೋ ಕಾಲ್ ಹಚ್ಚುವುದಾಗಿ ಸ್ನೇಹಲ ಹೇಳಿದ್ದಾಳೆ. ನಿನ್ನ ಮುಖವೂ ಕಾಣುತ್ತದೆ, ನಿನ್ನ ಮಾತೂ ಪಕ್ಕದಲ್ಲಿ ಬರುತ್ತದೆ. ಒಬ್ಬೊಬ್ಬರೇ ಮಾತಾಡಿ, ನಿಧಾನವಾಗಿ ಮಾತಾಡಿ. ಅಳಿಯಂದಿರಿಗೆ ಮರಾಠಿ ಕಡಿಮೆ ಬೆರೆಸಲು ಹೇಳು. ನಾನು ಇಳಕಲ್ಲ ಸೀರೆ ಈಗಲೇ ಇಸ್ತ್ರಿಗೆ ಕೊಟ್ಟಿದ್ದೇನೆ.

ನಿನ್ನ ದಾರಿ ಕಾಯುವ ಅವ್ವ,
ಶಾರದಾಬಾಯಿ

ಮರೆತ ಮಾತು: ದೀಪಾವಳಿ ಮುಗಿಸಿಕೊಂಡು ಹೊರಟಾಗ ನೀನು ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು ಏನೋ ಹೇಳಿದೆ. ನಿನ್ನ ಕಣ್ಣು ತುಂಬಿತ್ತು. ನನಗೆ ಒಂದಕ್ಷರವೂ ಕೇಳಿಸಲಿಲ್ಲ, ಮತ್ತೆ ಕೇಳುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಪತ್ರದಲ್ಲಿ ಬರೆಯಬೇಡ, ಭಾನುವಾರ ನಿನ್ನ ಬಾಯಿಂದಲೇ ಹೇಳು. ಎಲ್ಲರೂ ಓದುವಂಥದ್ದಲ್ಲವಾದರೆ ಕೆನ್ನೆ ಮುಟ್ಟಿಕೋ ಸಾಕು, ಎಲ್ಲರನ್ನೂ ಹೊರಗೆ ಹಾಕಿ ಕದ ಮುಚ್ಚಿ ಬಂದು ಕೂಡುತ್ತೇನೆ.