ಸೊಸೆ ಅಡಗಿದ್ದ ಮನೆಯ ವಿಳಾಸವನ್ನು ಮಗನಿಗೆ ತಲುಪಿಸಿದ ಕಚೇರಿಗೆ

ಮಾನ್ಯ ಸಂರಕ್ಷಣಾಧಿಕಾರಿಗಳೇ,

ನನ್ನ ಮಗನ ಹೊಡೆತದಿಂದ ತಪ್ಪಿಸಿಕೊಂಡು ಅಡಗಿದ್ದ ನನ್ನ ಸೊಸೆಯ ವಿಳಾಸವನ್ನು ತಾವು ಕಳೆದ ಆಷಾಢದಲ್ಲಿ ನನ್ನ ಮಗನಿಗೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿಕೊಟ್ಟಿರಿ. ಮನೆ ನಂಬರು, ಓಣಿ, ಹತ್ತಿರದ ಗುರುತು ಯಾವುದನ್ನೂ ಬಿಟ್ಟಿರಲಿಲ್ಲ. ಪಿನ್ ಕೋಡ್ ಸಹ ಸರಿಯಾಗಿತ್ತು. ಮೂವತ್ತೊಂದು ವರ್ಷ ಅಂಚೆ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಸರ್ಕಾರಿ ಕಚೇರಿಯೊಂದು ಇಷ್ಟು ಪರಿಪೂರ್ಣವಾಗಿ ವಿಳಾಸ ಬರೆದದ್ದನ್ನು ನಾನು ನೋಡಿದ್ದು ಅಪರೂಪ. ಅಭಿನಂದನೆಗಳು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರರಲ್ಲಿ ತಾವು ಯಾವ ತಾಲೂಕಿನವರೆಂದು ನಾನಿಲ್ಲಿ ಬರೆಯುವುದಿಲ್ಲ. ಒಬ್ಬರ ಠಿಕಾಣಿಯನ್ನು ಹತ್ತು ಜನರೆದುರು ಹೇಳಬಾರದೆಂಬಷ್ಟು ತಿಳಿವಳಿಕೆ ನನ್ನಲ್ಲಿದೆ. ಓದಿದ ಕೂಡಲೇ ತಮಗೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ, ಇಂಥ ಕಾಗದಗಳನ್ನು ತಾವು ಎಷ್ಟು ಮನೆಗಳಿಗೆ ಕಳಿಸಿದ್ದೀರೆಂದು ನಾನು ಚಿಂತಿಸಬೇಕಾಗುತ್ತದೆ.

ನನ್ನ ಹೆಸರು ಚೌಡಮ್ಮ. ಭೈರುಂಬೆ ಸಮೀಪದ ಊರೊಂದರಲ್ಲಿ ಶಾಖಾ ಅಂಚೆ ಪಾಲಕಿಯಾಗಿ ನಿವೃತ್ತಳಾದವಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಒಬ್ಬನೇ ಮಗ ಸುಭಾಷ. ಅವನಿಗೆ ಊರಿನಲ್ಲಿ ಒಳ್ಳೆಯ ಹೆಸರಿದೆ. ಯಾರ ಪಂಪ್‌ಸೆಟ್ ಕೆಟ್ಟರೂ ಓಡುತ್ತಾನೆ, ವಾಲಿಬಾಲ್ ತಂಡಕ್ಕೆ ಅವನೇ ಕ್ಯಾಪ್ಟನ್. ಐದು ವರ್ಷದ ಹಿಂದೆ ಮಾಗೋಡಿನ ಕಡೆಯ ರಾಜೀವಿಯನ್ನು ಮದುವೆಯಾದ. ಅವಳು ಬಿ.ಎ. ಎರಡನೇ ವರ್ಷಕ್ಕೆ ಓದು ನಿಲ್ಲಿಸಿ ಬಂದ ಹುಡುಗಿ. ಕಣ್ಣಿನ ಪೊರೆ ತೆಗೆಸಿಕೊಂಡು ನಾನು ಮಲಗಿದ್ದಾಗ ದಿನಪತ್ರಿಕೆಯನ್ನು ಜಾಹೀರಾತು ಸಹಿತ ಓದಿ ಹೇಳಿದವಳು.

ಮದುವೆಯ ಎರಡನೇ ವರ್ಷ ಹೊಡೆತ ಶುರುವಾಯಿತು. ನನಗೆ ಗೊತ್ತಿತ್ತು. ಗೋಡೆಯಾಚೆ ಸದ್ದಾದಾಗ ನಾನು ರೇಡಿಯೋ ದನಿ ಏರಿಸುತ್ತಿದ್ದೆ. ಮರುದಿನ ಅವಳ ತಲೆಗೆ ಎಣ್ಣೆ ಹಚ್ಚುತ್ತಾ, "ಸ್ವಲ್ಪ ತಡ್ಕ ಮಗಾ, ಒಂದು ಮಗು ಆದ್ರೆ ಸರಿ ಆಗ್ತಾನೆ" ಎನ್ನುತ್ತಿದ್ದೆ. ತಮ್ಮ ಕಚೇರಿಯ ದೋಷಗಳನ್ನು ಹೇಳಹೊರಟವಳು ನನ್ನದನ್ನು ಮುಚ್ಚಿಟ್ಟರೆ ಸರಿಯಾಗುವುದಿಲ್ಲ, ಅದಕ್ಕೇ ಮೊದಲೇ ಬರೆದೆ. ಮೂರು ವರ್ಷ ಹೀಗೇ ನಡೆಯಿತು.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದೋಸೆ ಎರೆಯುವ ಹೊತ್ತಿಗೆ, ತನ್ನನ್ನು ಕೇಳದೆ ಅಣ್ಣನಿಗೆ ಫೋನ್ ಮಾಡಿದಳೆಂದು ಅವನು ರಾಜೀವಿಯ ಎಡಗೈಯನ್ನು ಹಿಡಿದು ತಿರುಚಿದ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಮೂಳೆ ಮುರಿಯುವ ಸದ್ದು ಬಹಳ ಸಣ್ಣದು. ಆ ದಿನ ರೇಡಿಯೋ ಹಾಕಿರಲಿಲ್ಲ. ಅವನು ಕೈ ತೊಳೆದುಕೊಂಡು ಆಟಕ್ಕೆ ಹೋದ. ನಾನು ಒಲೆ ಆರಿಸಿ, ಅವಳ ಕೈಗೆ ನನ್ನ ಹಳೆಯ ಸೀರೆಯ ಪಟ್ಟಿ ಕಟ್ಟಿ, ಹತ್ತೂವರೆಯ ಬಸ್ಸಿಗೆ ಶಿರಸಿಗೆ ಕರೆದುಕೊಂಡು ಹೋದೆ. ಡಾಕ್ಟರು ಕೇಳಿದಾಗ ಅವಳು "ಬಚ್ಚಲಲ್ಲಿ ಜಾರಿ..." ಎಂದು ಶುರುಮಾಡಿದಳು.

"ಸುಳ್ಳು ಡಾಕ್ಟ್ರೇ. ನನ್ನ ಮಗ ಮುರಿದದ್ದು. ಹಾಗೇ ಬರ್ಕಳಿ" ಎಂದೆ.

ರಾಜೀವಿ ನನ್ನ ಮುಖ ನೋಡಿದಳು. ಆಮೇಲೆ ಯಲ್ಲಾಪುರದ ಬಸ್ಸಿನಲ್ಲಿ, ಕಿಟಕಿಯ ಕಡೆ ತಿರುಗಿ ಕುಳಿತು, ಅದುವರೆಗೆ ನನಗೆ ಗೊತ್ತಿರದಿದ್ದ ಇನ್ನೊಂದನ್ನು ಹೇಳಿದಳು. ತಾನು ಬೇಡವೆಂದ ದಿನಗಳಲ್ಲಿ ಅವನು ತನಗೆ ಏನು ಮಾಡುತ್ತಿದ್ದನೆಂದು. ಹೆತ್ತವಳು ಅದನ್ನು ಹೇಗೆ ಕೇಳಿಸಿಕೊಂಡೆನೆಂದು ಇಲ್ಲಿ ಬರೆಯಲಾರೆ.

ಯಲ್ಲಾಪುರದಲ್ಲಿ ಮುಮ್ತಾಜ್ ಇದ್ದಾಳೆ. ಅವಳ ಗಂಡ ಮಕ್ಬೂಲ್ ಹಿಂದೆ ನಮ್ಮ ಅಂಚೆ ಕಚೇರಿಗೆ ಟಪಾಲು ಚೀಲ ತರುತ್ತಿದ್ದ ಜೀಪಿನ ಚಾಲಕ, ಈಗ ಹುಬ್ಬಳ್ಳಿಗೆ ಸರಕಿನ ಲಾರಿ ಓಡಿಸುತ್ತಾನೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಾಳೆ. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಅವಳು ಒಳಕೋಣೆಯ ಮಂಚದ ಮೇಲಿದ್ದ ಬಟ್ಟೆ ಗಂಟುಗಳನ್ನು ಕೆಳಗಿಳಿಸಿದಳು. "ಎಷ್ಟ್ ದಿನ ಬೇಕಾದ್ರೂ ಇರ್ಲಿ ಬಿಡ್ರಿ ಅಕ್ಕಾ" ಎಂದಳು. ಯಾವ ನಮೂನೆಯನ್ನೂ ತುಂಬಿಸಿಕೊಳ್ಳಲಿಲ್ಲ. ಇಂಥ ಅವ್ಯವಸ್ಥೆಯನ್ನು ತಾವು ಮನ್ನಿಸಬೇಕು. ನಾನು ಮನೆಗೆ ಮರಳಿ, ಆಸ್ಪತ್ರೆಯಿಂದ ಅವಳು ಎಲ್ಲಿಗೆ ಹೋದಳೋ ಗೊತ್ತಿಲ್ಲ ಎಂದು ಮಗನಿಗೆ ಹೇಳಿದೆ.

ಇನ್ನು ತಮ್ಮ ವ್ಯವಸ್ಥೆಗೆ ಬರುತ್ತೇನೆ. ನಾನೂ ರಾಜೀವಿಯೂ ತಮ್ಮ ಕಚೇರಿಗೆ ಮೊದಲ ಸಲ ಬಂದಾಗ ತಾವು ಸಭೆಯಲ್ಲಿದ್ದಿರಿ. ಎರಡನೇ ಸಲ ಆ ಸಭೆಯ ವರದಿ ಬರೆಯುತ್ತಿದ್ದಿರಿ. ಮೂರನೇ ಸಲ ತಮ್ಮ ಗುಮಾಸ್ತರು ದಯೆಯಿಂದ ನಮಗೆ ಕುರ್ಚಿ ತೋರಿಸಿದರು. ಕುರ್ಚಿಯ ಹಿಂದಿನ ಗೋಡೆಗೆ "ಮೌನ ಮುರಿಯಿರಿ, ನಾವಿದ್ದೇವೆ" ಎಂಬ ಭಿತ್ತಿಪತ್ರವಿತ್ತು. ಅದರ ಸಹಾಯವಾಣಿ ಸಂಖ್ಯೆಯ ಮೇಲೆ ಸರಿಯಾಗಿ ರಜಾದಿನಗಳ ಪಟ್ಟಿಯನ್ನು ಅಂಟಿಸಿದ್ದರು. ಸರ್ಕಾರಿ ಗೋಡೆಯಲ್ಲಿ ಜಾಗದ ಅಭಾವವಿರುವುದು ನನಗೂ ಗೊತ್ತು.

ಗುಮಾಸ್ತರು ಬರೆಯತೊಡಗಿದರು. "ಅತ್ತೆ ಹೆಸ್ರು?"

"ಚೌಡಮ್ಮ. ನಾನೇ."

ಅವರು ಅದನ್ನು "ಎದುರುದಾರರು" ಎಂಬಲ್ಲಿ, ಅಂದರೆ ಆರೋಪ ಹೊತ್ತವರ ಸಾಲಿನಲ್ಲಿ, ಮಗನ ಹೆಸರಿನ ಕೆಳಗೆ ಬರೆದರು.

"ಅಲ್ಲ ಮಾರಾಯ್ರೇ, ನಾನು ಇವಳನ್ನ ಕರ್ಕಂಡು ಬಂದವ್ಳು!"

"ಇರ್ಲಿ ಬಿಡಿ ಅಮ್ಮ. ಎಲ್ಲಾ ಅರ್ಜಿಲೂ ಅತ್ತೆ ಇರ್ತಾರೆ. ಇಲ್ಲದಿದ್ರೆ ಮೇಲಿಂದ ವಾಪಸ್ ಬರ್ತದೆ."

ಮುಂದಿನ ಪುಟದಲ್ಲಿ ಹಿಂಸೆಯ ವಿಧಗಳಿದ್ದವು. ದೈಹಿಕ ಎಂಬಲ್ಲಿ ಗುರುತು ಹಾಕಿದರು. ಲೈಂಗಿಕ ಎಂಬಲ್ಲಿ ಪೆನ್ನು ಹಾರಿಸಿ ಮುಂದೆ ಹೋದರು. "ಅದೂ ಇದೆ" ಎಂದಳು ರಾಜೀವಿ. ಗುಮಾಸ್ತರು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಗಂಡನೇ ಅಲ್ವನಮ್ಮಾ? ಅದನ್ನ ಖಾಲಿ ಬಿಡುವ. ಸಾಹೇಬ್ರಿಗೆ ಓದ್ಲಿಕ್ಕೆ ಮುಜುಗರ ಆಗ್ತದೆ" ಎಂದರು. ತಮ್ಮ ಸೂಕ್ಷ್ಮ ಸ್ವಭಾವದ ಪರಿಚಯ ನನಗೆ ಆದದ್ದು ಹೀಗೆ. ರಾಜೀವಿ ಪ್ಲಾಸ್ಟರಿನ ಕೈಯಿಂದ ಕಾಗದವನ್ನು ಒತ್ತಿಹಿಡಿದು, ಬಲಗೈಯಿಂದ ಅವರ ಪೆನ್ನನ್ನೇ ತೆಗೆದುಕೊಂಡು, ತಾನೇ ಗುರುತು ಹಾಕಿದಳು. "ಓದ್ಲಿ. ನಂಗೆ ಆಗಿದ್ದು ಅವ್ರಿಗೆ ಓದ್ಲಿಕ್ಕಾದ್ರೂ ಆಗ್ಲಿ" ಎಂದಳು. ಗುರುತು ಚೌಕದೊಳಗೇ ಬಿತ್ತು.

ಕೊನೆಗೆ ಈಗಿನ ವಿಳಾಸ ಕೇಳಿದರು. "ಇದು ಹುಡುಗನ ಕಡೆಯವ್ರಿಗೆ ಕಾಣೂದಿಲ್ಲ ಅಲ್ದಾ?" ಎಂದು ನಾನು ಎರಡು ಸಲ ಕೇಳಿದೆ. "ಇದೆಲ್ಲ ಗೌಪ್ಯ ಅಮ್ಮ" ಎನ್ನುತ್ತಾ ಅವರು ಕಡತದ ಮೇಲೆ "ಗೌಪ್ಯ" ಎಂಬ ಮೊಹರು ಒತ್ತಿದರು. ಮೂವತ್ತೊಂದು ವರ್ಷ ಮೊಹರು ಒತ್ತಿದವಳು ನಾನು. ಮೊಹರನ್ನು ನಂಬಿದೆ.

ಹದಿನೆಂಟು ದಿನಗಳ ನಂತರ ನಮ್ಮ ಮನೆಗೆ ಎರಡು ಲಕೋಟೆ ಬಂದವು. ಒಂದು ಮೊದಲನೇ ಎದುರುದಾರನಿಗೆ, ಇನ್ನೊಂದು ಎರಡನೇ ಎದುರುದಾರಳಾದ ನನಗೆ. ಎರಡರ ಮೇಲೂ "ಗೌಪ್ಯ" ಎಂದಿತ್ತು. ನಾನು ಸೊಸೈಟಿಗೆ ಹೋಗಿದ್ದೆ, ಸುಭಾಷ ಎರಡಕ್ಕೂ ಸಹಿ ಮಾಡಿದ್ದ. ಹನ್ನೊಂದು ಗಂಟೆಗೆ ಬಂದು ನೋಡಿದರೆ ಮೇಜಿನ ಮೇಲೆ ನನ್ನ ಲಕೋಟೆ ಮಾತ್ರ ಇತ್ತು, ಅಂಗಳದಲ್ಲಿ ಬೈಕ್ ಇರಲಿಲ್ಲ. ನನ್ನದನ್ನು ಒಡೆದೆ. ಆಪ್ತ ಸಮಾಲೋಚನೆಗೆ ಹಾಜರಾಗತಕ್ಕದ್ದು. ಅರ್ಜಿದಾರರು: ರಾಜೀವಿ ಕೋಂ ಸುಭಾಷ, ಹಾಲಿ ವಾಸ: ಮುಮ್ತಾಜ್ ಕೋಂ ಮಕ್ಬೂಲ್ ಇವರ ಮನೆ, ಮತ್ತು ಉಳಿದದ್ದೆಲ್ಲ.

ಕೂಡಲೇ ಮುಮ್ತಾಜಳಿಗೆ ಫೋನ್ ಮಾಡಿದೆ. ನಮ್ಮೂರಿನಿಂದ ಯಲ್ಲಾಪುರಕ್ಕೆ ಬೈಕಿನಲ್ಲಿ ಒಂದು ಗಂಟೆಯ ದಾರಿ, ಅವನು ಹೊರಟು ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಅವಳು, "ನೀವು ಫೋನ್ ಇಡ್ರಿ ಅಕ್ಕಾ, ನಾ ನೋಡ್ಕೋತೀನಿ" ಎಂದಳು. ಆಮೇಲೆ ತಮ್ಮ ಕಚೇರಿಗೆ ಮಾಡಿದೆ. ತಾವು ಮಹಿಳಾ ಸುರಕ್ಷತೆಯ ಬಗ್ಗೆ ಕಾರ್ಯಾಗಾರದಲ್ಲಿ ಉಪನ್ಯಾಸ ಕೊಡುತ್ತಿದ್ದೀರೆಂದೂ ಊಟದ ವಿರಾಮದಲ್ಲಿ ವಿಷಯ ತಿಳಿಸಲಾಗುವುದೆಂದೂ ಉತ್ತರ ಬಂತು. ಉಪನ್ಯಾಸ ಚೆನ್ನಾಗಿ ಆಯಿತೆಂದು ನಂಬಿದ್ದೇನೆ.

ಮುಂದಿನದನ್ನು ಮುಮ್ತಾಜ್ ಮತ್ತು ರಾಜೀವಿ ಹೇಳಿದಂತೆ ಬರೆಯುತ್ತೇನೆ. ಪಕ್ಕದ ಮನೆಗೆ ಹೋಗಿ ಅಡಗು ಎಂದರೆ ರಾಜೀವಿ ಒಪ್ಪಲಿಲ್ಲ. "ಇನ್ನೆಲ್ಲಿಗೆ ಓಡೂದು ಮುಮ್ತಾಜಕ್ಕ? ಅಲ್ಲಿಗೂ ನೋಟಿಸ್ ಬರ್ತದೆ" ಎಂದಳಂತೆ. ಮುಮ್ತಾಜ್ ಅವಳನ್ನು ಒಳಕೋಣೆಗೆ ಕಳಿಸಿ, ಒಳಗಿನಿಂದ ಚಿಲಕ ಹಾಕಿಸಿ, ಠಾಣೆಯ ಮಹಿಳಾ ಪೇದೆಯೊಬ್ಬರಿಗೆ ಫೋನ್ ಮಾಡಿದಳು. ಅವರ ಸಮವಸ್ತ್ರಕ್ಕೆ ಟಾಕು ಹಾಕಿಕೊಡುವ ಪರಿಚಯ. ಹೊಲಿಗೆಗೆ ಬಂದಿದ್ದ ಏಳು ಹೆಂಗಸರಲ್ಲಿ ಒಬ್ಬಳೂ ಮನೆಗೆ ಹೋಗಲಿಲ್ಲ.

ಸುಭಾಷ ಬಂದ. ಕೂಗಾಡಲಿಲ್ಲ. ಚಪ್ಪಲಿ ಬಿಟ್ಟು, ನಗುತ್ತಾ, "ಹೆಂಡ್ತೀನ ಕರ್ಕಂಡು ಹೋಗ್ಲಿಕ್ಕೆ ಬಂದೆ" ಎಂದ.

"ಇಲ್ಲಿ ಯಾರೂ ಇಲ್ರಿ. ಇದು ಹೊಲಿಗೆ ಕ್ಲಾಸು" ಎಂದಳು ಮುಮ್ತಾಜ್.

ಅವನು ಜೇಬಿನಿಂದ ತಮ್ಮ ನೋಟಿಸು ತೆಗೆದು ಬಿಡಿಸಿ ತೋರಿಸಿದ. "ಇಲ್ಲ ಅಂದ್ರೆ ಹೆಂಗೆ? ಸರ್ಕಾರದವ್ರೇ ಬರ್ದು ಕಳ್ಸಿದಾರೆ, ನೋಡಿ ಮೊಹರು."

ಸಿನಿಮಾ ಟಿಕೆಟ್ ತೋರಿಸಿ ಒಳಹೋಗುವವನಂತೆ ಅವನು ಕೋಣೆ ದಾಟಿದ. ಒಳಬಾಗಿಲನ್ನು ಭುಜದಿಂದ ಗುದ್ದಿದ, ಚಿಲಕ ಕಿತ್ತುಬಂತು. ಮುಮ್ತಾಜ್ ಅಡ್ಡ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ಬಾಗಿಲನ್ನು ಅವಳ ಬಲಗೈಯ ಮೇಲೆ ಬಡಿದ. ಅವಳ ಎರಡು ಬೆರಳು ಮುರಿದವು. ಒಳಗೆ ರಾಜೀವಿ ಕಬ್ಬಿಣದ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ನಿಂತಿದ್ದಳು. "ಮುಟ್ಟು ನೋಡುವ" ಎಂದಳಂತೆ. ನಾನು ಐದು ವರ್ಷದಲ್ಲಿ ಅವಳ ಬಾಯಿಂದ ಏಕವಚನ ಕೇಳಿದವಳಲ್ಲ. ಅಷ್ಟರಲ್ಲಿ ಏಳು ಜನ ಹಿಂದಿನಿಂದ ಅವನ ಅಂಗಿ, ತೋಳು, ಕೂದಲು ಸಿಕ್ಕಿದ್ದನ್ನು ಹಿಡಿದೆಳೆದರು. ಪೇದೆಯಮ್ಮ ಸ್ಕೂಟಿ ನಿಲ್ಲಿಸಿ ಒಳಬಂದಾಗ ನಮ್ಮ ವಾಲಿಬಾಲ್ ಕ್ಯಾಪ್ಟನ್ ನೆಲದ ಮೇಲಿದ್ದ, ಅವನ ಬೆನ್ನ ಮೇಲೆ ಅರವತ್ತು ದಾಟಿದ ಗಿರಿಜವ್ವ ಎಂಬ ವಿದ್ಯಾರ್ಥಿನಿ ಕುಳಿತಿದ್ದರು.

ಆಮೇಲೆ ನಾನು ರಾಜೀವಿಯೊಂದಿಗೆ ಬಂದು ತಮ್ಮನ್ನು ಕಂಡು ಕೇಳಿದೆನಲ್ಲ, ವಿಳಾಸ ಯಾಕೆ ಕೊಟ್ಟಿರಿ ಎಂದು? ನಮೂನೆಯಲ್ಲಿ ಅರ್ಜಿದಾರರ ವಿಳಾಸ ಕಡ್ಡಾಯ ಎಂದಿರಿ. ಆರೋಪಿತನಿಗೆ ತನ್ನ ಮೇಲೆ ದೂರು ಕೊಟ್ಟವರು ಯಾರೆಂದು ತಿಳಿಯುವ ಹಕ್ಕಿದೆ ಎಂದಿರಿ. ಐದು ವರ್ಷ ಜೊತೆಗೆ ಬಾಳಿದವನಿಗೆ ಅವಳು ಯಾರೆಂದು ತಿಳಿದಿರಲಿಲ್ಲವೇ, ಮಾನ್ಯರೇ? ಅವನಿಗೆ ತಿಳಿಯದಿದ್ದದ್ದು ಒಂದೇ ಒಂದು ಸಂಗತಿ, ಅದನ್ನೇ ತಾವು ತಿಳಿಸಿದಿರಿ. ಇನ್ನು ಮುಂದೆ ಅವಳು ಎಲ್ಲಿರಬೇಕು ಎಂದಾಗ, ಘಟ್ಟದ ಕೆಳಗೆ ಆಶ್ರಯಕೇಂದ್ರವಿದೆ, ಜಾಗವಿದೆಯೇ ಎಂದು ಪತ್ರ ಬರೆದು ಕೇಳಬೇಕು ಎಂದಿರಿ. ತಾವು ಪತ್ರ ಬರೆಯುತ್ತೀರೆಂದ ಕೂಡಲೇ ನಾವಿಬ್ಬರೂ ಎದ್ದು ಹೊರಟೆವು.

ನ್ಯಾಯಾಲಯದಲ್ಲಿ ಉಚಿತ ಕಾನೂನು ನೆರವಿನ ಯುವ ವಕೀಲೆಯೊಬ್ಬರು ಸಿಕ್ಕಿದರು. ಮನೆ ನನ್ನ ಹೆಸರಿನಲ್ಲಿದೆ. ರಾಜೀವಿ ಅದೇ ಮನೆಯಲ್ಲಿರಬೇಕು, ಅವನು ಹೊಸ್ತಿಲು ತುಳಿಯಬಾರದು ಎಂದು ಆದೇಶವಾಯಿತು. ಜಾಮೀನಿನ ಮೇಲೆ ಬಂದವನು ಗೇಟಿನ ಹೊರಗೆ ನಿಂತು, "ಅಮ್ಮಾ, ನೀನು ನನ್ನಮ್ಮನಾ, ಅವಳಮ್ಮನಾ?" ಎಂದು ಕೇಳಿದ. ಅವನ ಬಟ್ಟೆಯ ಚೀಲವನ್ನು ಗೇಟಿನ ಮೇಲಿಂದ ಕೊಟ್ಟೆ. ಆ ದಿನ ನಾನು ಊಟ ಮಾಡಲಿಲ್ಲ. ರಾಜೀವಿಯೂ ಒತ್ತಾಯಿಸಲಿಲ್ಲ.

ಮೊನ್ನೆ ವಕೀಲೆ, ನನ್ನ ಹೆಸರನ್ನು ಎದುರುದಾರರ ಸಾಲಿನಿಂದ ಹೊಡೆದುಹಾಕಲು ಅರ್ಜಿ ಹಾಕೋಣವೇ ಎಂದರು. ನಾನು ರಾಜೀವಿಯನ್ನು ಕೇಳಿದೆ. ಅವಳು, "ತೆಗೆಸುವ ಅತ್ತೆ. ಆದ್ರೆ ಆ ಮೂರು ವರ್ಷಕ್ಕೆ ನಿಮ್ಮ ಹೆಸ್ರು ಅಲ್ಲಿ ಇದ್ದದ್ದು ಸರೀನೇ ಆಗಿತ್ತು" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ತಮ್ಮ ಕಚೇರಿ ನೋಡದೆಯೇ ಬರೆದ ಒಂದು ಸತ್ಯವದು. ಮುಮ್ತಾಜಳ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಕತ್ತರಿ ಹಿಡಿಯುವ ಕೆಲಸವನ್ನು ರಾಜೀವಿ ವಾರಕ್ಕೆ ಮೂರು ದಿನ ಹೋಗಿ ಮಾಡಿಕೊಡುತ್ತಾಳೆ.

ನಾನು ಕೇಳುವುದು ಹೆಚ್ಚೇನಿಲ್ಲ. ನೋಟಿಸಿನಲ್ಲಿ ಅಡಗಿದವರ ವಿಳಾಸದ ಬದಲು ತಮ್ಮ ಕಚೇರಿಯ ವಿಳಾಸ ಹಾಕಿ, ಅಲ್ಲಿಗೆ ಯಾರು ಬೇಕಾದರೂ ಬಂದು ಬಾಗಿಲು ಗುದ್ದಲಿ. ಮೂರೂ ತಾಲೂಕಿನಲ್ಲಿ ಒಂದೊಂದು ಕೋಣೆ, ಒಂದು ಮಂಚ, ಒಳಗಿನಿಂದ ಹಾಕುವ ಗಟ್ಟಿ ಚಿಲಕ ಕೊಡಿ. ಹೇಳಿದ್ದನ್ನು ಮುಜುಗರವಿಲ್ಲದೆ ಬರೆದುಕೊಳ್ಳುವ ಒಬ್ಬರನ್ನು ಕೂರಿಸಿ.

ಮತ್ತು ಇದಕ್ಕೆ ಉತ್ತರ ತುರ್ತಾಗಿ ಬೇಕು. ಸಿದ್ದಾಪುರದ ಕಡೆಯ ನಾಗಿ ಎಂಬವಳು, ಯಾರೋ ಹೇಳಿದ್ದನ್ನು ಕೇಳಿ, ನಾಲ್ಕು ದಿನದ ಹಿಂದೆ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಮ್ಮ ಮನೆಗೆ ಬಂದಿದ್ದಾಳೆ. ನಾಗಿಯ ಕಿವಿಯ ಹಿಂದೆ ಹೊಲಿಗೆ ಹಾಕಿದೆ. ಈ ಕಾಗದ ಬರೆಯುವಾಗ ಪಕ್ಕದಲ್ಲೇ ಕುಳಿತು, "ಆ ಆಫೀಸಿಗೆ ಹೋಗ್ಲಾ ಬೇಡ್ವಾ, ನೀವೇ ಹೇಳಿ ಅಮ್ಮ" ಎಂದು ಮೂರನೇ ಸಲ ಕೇಳುತ್ತಿದ್ದಾಳೆ. ನಾನು ಸೋಮವಾರದವರೆಗೆ ತಡಿ ಎಂದಿದ್ದೇನೆ. ಅವಳಿಗೆ ಏನೆಂದು ಹೇಳಲಿ?

ಇಂತಿ,
ತಮ್ಮ ಮೇಲೆ ಇನ್ನೂ ಪೂರ್ತಿ ನಂಬಿಕೆ ಕಳೆದುಕೊಳ್ಳಲಾಗದ ದೌರ್ಬಲ್ಯವುಳ್ಳ,
ಚೌಡಮ್ಮ