‘ನೆಗ್ ಹೊಳೆ ದಾಟಿದ’

ಮಾರ್ಚ್ ೧೪, ಮಂಗಳವಾರ

ಆ ಕೆಂಪು ಗೀಟು ಇನ್ನೂ ಕಣ್ಣಿಗೆ ಚುಚ್ಚುತ್ತಿದೆ. ಶಿಕ್ಷಕರಿಗೆ ತರಬೇತಿ ಕೊಡಲು ಪ್ಯಾರಿಸಿನಿಂದ ಬಂದವನು ನಾನು ಮಕ್ಕಳಿಗೆ ಕೊಟ್ಟ ಉಕ್ತಲೇಖನದ ವಾಕ್ಯದಲ್ಲಿ ‘ನೆಗ್’ ಎಂಬ ಪದವನ್ನು ಹೊಡೆದುಹಾಕಿದ. “ಇದು ಕರಿಯರನ್ನ ಬೈಯೋ ಮಾತಲ್ವಾ ಟೀಚರ್?”

ಊಟ ತಂದಿಟ್ಟ ಅಡುಗೆಯ ಎಲ್ವಾನಿ ನಕ್ಕುಬಿಟ್ಟಳು. “ನಿಮ್ಮೂರಲ್ಲಿ ಬೈಗುಳ ಇರ್ಬೋದು ಸಾರ್. ನಮ್ಮ ಹೈಟೀಲಿ ನೆಗ್ ಅಂದ್ರೆ ಮನುಷ್ಯ. ನೀವೂ ಒಳ್ಳೇ ನೆಗ್ಗೇ. ಅನ್ನ ಆರೋಗುತ್ತೆ, ಉಣ್ಣಿ.” ಅವನ ಬಿಳಿ ಮುಖ ಕೆಂಪಾಯಿತು.

ಫ್ರೆಂಚ್ ಧಣಿಗಳ ಕಬ್ಬಿನ ಗದ್ದೆಯಲ್ಲಿ ಚಾಟಿಯ ಜೊತೆಗೇ ಗುಲಾಮರಾಗಿದ್ದ ನಮ್ಮವರ ಮೇಲೆ ಬೀಳುತ್ತಿದ್ದ ಪದ. ಧಣಿಗಳನ್ನು ಓಡಿಸಿದವರು ಪದವನ್ನು ಓಡಿಸಲಿಲ್ಲ. ಇಟ್ಟುಕೊಂಡು, ಮನುಷ್ಯ ಎಂಬ ಅರ್ಥ ಕೊಟ್ಟರು. ಇನ್ನೂರು ವರ್ಷ ಕಳೆದರೂ ನಮ್ಮನ್ನು ತಿದ್ದಲು ಪ್ಯಾರಿಸಿನಿಂದ ಬರುತ್ತಲೇ ಇದ್ದಾರೆ.

ನಾಳೆಯೂ ಅದೇ ವಾಕ್ಯ: ನೆಗ್ ಹೊಳೆ ದಾಟಿದ. ಮಕ್ಕಳ ಜೊತೆ ಅವನೂ ಕೂತು ಬರೆಯಲಿ. ಕೆಂಪು ಪೆನ್ನು ನನ್ನ ಹತ್ತಿರವೂ ಇದೆ.