ಇಪ್ಪತ್ತನಾಲ್ಕು ಕಾರ್ಡುಗಳ ಸಹಿ

ಯಲಹಂಕ ಹಳೇ ಪೇಟೆ,
ಭಾನುವಾರ, ೫ ಜೂನ್ ೧೯೮೩

ಪ್ರೀತಿಯ ಗೋದಾ,

ನೀನು, ನಿಮ್ಮ ಯಜಮಾನರು, ಪುಟ್ಟ ತುಂಗಾ ಎಲ್ಲರೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಾವು ಕ್ಷೇಮ. ಈ ಮಾತನ್ನು ಎಷ್ಟು ಕಾಗದಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ, ಆದರೆ ಅದರ ತೂಕ ಗೊತ್ತಾದದ್ದು ಈ ಬೇಸಿಗೆಯಲ್ಲಿ. ಮುಜಫ್ಫರ್ ಈಗ ಹಿತ್ತಲಲ್ಲಿ ತನ್ನ ಮಿಲಿಟರಿ ಚೀಲ ಒಗೆಯುತ್ತಿದ್ದಾನೆ. ಪ್ರವಾಸದಿಂದ ಬಂದು ಎರಡು ವಾರವಾದರೂ ಅದರೊಳಗಿಂದ ಮರಳು ಉದುರುವುದು ನಿಂತಿಲ್ಲ. ಕಲ್ಲಿಗೆ ಚೀಲ ಬಡಿಯುವ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ, ಅದನ್ನು ಕೇಳುತ್ತಾ ಬರೆಯುವುದೇ ಒಂದು ಸುಖ.

ಯುಗಾದಿಯ ಮರುವಾರ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ. ಟ್ರೈನಿಂಗಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು ಹೀಗೆ ಮಾಡುವುದೇ ಎಂದು ಬೈದುಕೊಂಡಿರುತ್ತೀ. ಬೈಗುಳವೆಲ್ಲ ನನಗೆ ಸಲ್ಲಬೇಕಾದದ್ದೇ. ತುಂಗಾಳ ವಿಚಾರವಾಗಿ ನೀನು ಕೇಳಿದ ಪ್ರಶ್ನೆಗೆ ಅಂದೇ ಉತ್ತರ ಬರೆಯಲು ಕೂತಿದ್ದೆ, ಒಂದು ಪುಟ ಬರೆದೂ ಇದ್ದೆ. ಆಮೇಲೆ ಅದನ್ನು ಹರಿದು ಹಾಕಿದೆ. ಏಕೆಂದು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಡೆದದ್ದು ಕೇಳು.

ಡಿಗ್ರಿ ಪರೀಕ್ಷೆ ಮುಗಿದದ್ದೇ ತಡ, ನಮ್ಮ ಮುಜಫ್ಫರ್‌ಗೂ ಅವನ ಇಬ್ಬರು ಸ್ನೇಹಿತರಿಗೂ ಕಡಲ ಹುಚ್ಚು ಹಿಡಿಯಿತು. ಒಬ್ಬ ಆರ್.ಟಿ. ನಗರದ ಬದರೀನಾಥ, ಇನ್ನೊಬ್ಬ ರಾಜಾನುಕುಂಟೆಯ ಪುಟ್ಟಣ್ಣ. ಕಾರವಾರದಿಂದ ಕನ್ಯಾಕುಮಾರಿಯವರೆಗೆ ಬೆನ್ನಿಗೊಂದು ಚೀಲ ಕಟ್ಟಿಕೊಂಡು ಕಡಲಂಚಿನಲ್ಲೇ ಹೋಗುವುದಂತೆ. ಆದಷ್ಟು ನಡೆಯುವುದು, ಕಾಲು ಸೋತರೆ ಬಸ್ಸು. ಯಶವಂತಪುರದ ಗೂಡ್ಸ್ ಶೆಡ್ಡಿನ ಕೆಲಸ ಮುಗಿಸಿ ಬಂದ ನಮ್ಮ ಯಜಮಾನರು ಶರ್ಟು ಬಿಚ್ಚುವ ಮೊದಲೇ ಒಪ್ಪಿಗೆ ಕೊಟ್ಟುಬಿಟ್ಟರು. ನಾನು ಮಾತ್ರ ಒಂದು ಷರತ್ತು ಹಾಕಿದೆ. ದಿನಕ್ಕೊಂದು ಕಾರ್ಡು ಬರಬೇಕು.

ಮುಜಫ್ಫರ್ ಕಾಗದ ಬರೆಯುವುದರಲ್ಲಿ ಎಂಥ ಸೋಮಾರಿ ಎಂದು ನಿನಗೆ ಗೊತ್ತು. ಬರೆದರೂ ಅವನ ಅಕ್ಷರ ಕೋಳಿ ಕೆದರಿದ ಹಾಗೆ. ಇಡೀ ಯಲಹಂಕದ ಮಕ್ಕಳಿಗೆ ದುಂಡಗೆ ಬರೆಸಿದವಳ ಮಗನ ಅಕ್ಷರ ಹೀಗೆ ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ರೇಗಿಸುತ್ತಾರೆ. ಅದಕ್ಕೇ ನಾನೇ ಇಪ್ಪತ್ತನಾಲ್ಕು ಕಾರ್ಡು ತಂದು, ವಿಳಾಸ ಬರೆದು, ಒಕ್ಕಣೆಯನ್ನೂ ಬರೆದು ಕೊಟ್ಟೆ. ಮನೆಮಾತು ದಖನಿಯಾದರೂ ಕಾರ್ಡು ಕನ್ನಡದಲ್ಲೇ. "ಅಮ್ಮೀ, ನಾನು ಕ್ಷೇಮ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ನೀರಿಗೆ ಹೆಚ್ಚು ದೂರ ಇಳಿಯುವುದಿಲ್ಲ. ಸ್ನೇಹಿತರೂ ಕ್ಷೇಮ." ಕೊನೆಗೆ ಊರಿನ ಹೆಸರಿಗೊಂದು ಗೆರೆ, ಸಹಿಗೊಂದು ಗೆರೆ. ಅಷ್ಟು ತುಂಬಿ ಡಬ್ಬಕ್ಕೆ ಹಾಕಿದರಾಯಿತು.

ಪುಟ್ಟಣ್ಣ ಕಾರ್ಡು ನೋಡಿ, "ಬಿಟ್ಟ ಸ್ಥಳ ತುಂಬಿರಿ ಅಂತ ಮೇಲೊಂದ್ ಬರುದ್ಬುಡಿ ಮೇಡಮ್ಮಾ, ಪರೀಕ್ಸೆ ಪೇಪರ್ರೇ ಆಯ್ತದೆ" ಎಂದ. ಎಲ್ಲರೂ ನಕ್ಕರು. ನನಗೆ ನನ್ನ ಬುದ್ಧಿವಂತಿಕೆಯ ಮೇಲೆ ಹೆಮ್ಮೆಯೇ ಆಯಿತು.

ಕಾರ್ಡುಗಳು ಬಂದವು. ಕಾರವಾರ, ಗೋಕರ್ಣ, ಹೊನ್ನಾವರ, ಮರವಂತೆ, ಮಲ್ಪೆ. ಊರಿನ ಹೆಸರೂ ಸಹಿಯೂ ಅದೇ ಕೋಳಿಕಾಲು. ನಾನು ಅವನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸುತ್ತಾ ಹೋದೆ. ಮಗ ದಿನಾ ಒಂದೊಂದು ಊರು ದಾಟುವುದನ್ನು ತಲೆ ಬಾಚಿಕೊಳ್ಳುತ್ತಾ ನೋಡುತ್ತಿದ್ದೆ.

ಹತ್ತನೆಯ ಕಾರ್ಡು ಕಣ್ಣೂರಿನದು. ಅದನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದೆ. ಅಕ್ಷರ ದಪ್ಪ ದಪ್ಪ, ಎಲ್ಲವೂ ಹಿಂದಕ್ಕೆ ವಾಲಿಕೊಂಡಿವೆ. ಅದು ನನ್ನ ಮಗನ ಸಹಿಯಲ್ಲ.

ಇವರಿಗೆ ತೋರಿಸಿದೆ. "ಬಸ್ಸಲ್ಲಿ ಕೂತು ಬರೆದಿರ್ತಾನೆ ಬಿಡು" ಎಂದರು. ಮರುದಿನ ಇನ್ನೊಂದು ಬಂತು, ಅದೇ ಅಕ್ಷರ. ಅದರ ಮರುದಿನವೂ ಅದೇ. ಗೋದಾ, ನನ್ನ ಸರ್ವೀಸು ಇಪ್ಪತ್ತೆರಡು ವರ್ಷ. ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ತಾನೇ ಹಾಕಿಕೊಂಡು ಬರುವ ಮಕ್ಕಳನ್ನು ನಾನು ಬಾಗಿಲಲ್ಲೇ ಹಿಡಿಯುತ್ತೇನೆ. ಬೇರೆ ಮೇಷ್ಟ್ರುಗಳೂ ಅನುಮಾನ ಬಂದರೆ ನನ್ನ ಹತ್ತಿರವೇ ತರುತ್ತಾರೆ. ಹಾಗಿರುವಾಗ ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಅಕ್ಷರ ನನಗೆ ತಿಳಿಯದೇ? ಇವನು ಸಹಿ ಹಾಕುವ ಸ್ಥಿತಿಯಲ್ಲಿಲ್ಲ, ಉಳಿದ ಕಾರ್ಡುಗಳನ್ನು ಆ ಹುಡುಗರು ತುಂಬಿ ಕಳಿಸುತ್ತಿದ್ದಾರೆ, ಸಮುದ್ರದಲ್ಲಿ ಏನೋ ಆಗಿದೆ, ಹೇಳಲು ಧೈರ್ಯವಿಲ್ಲ. ಹೀಗೆ ಒಂದಕ್ಕೊಂದು ಕೂಡಿಸಿಕೊಂಡೆ.

ಆರ್.ಟಿ. ನಗರಕ್ಕೆ ಬದರಿಯ ತಾಯಿ ರತ್ನಕ್ಕನವರ ಮನೆಗೆ ಓಡಿದೆ. ಬದರಿಯ ಒಂದು ನೋಟ್ಸ್ ಪುಸ್ತಕ ಕೊಡಿ ಎಂದೆ. ಪಾಪ, ಯಾಕೆಂದೂ ಕೇಳದೆ ಕೊಟ್ಟು ಕಾಫಿಗಿಡಲು ಹೋದರು. ನಾನು ಕಾರ್ಡನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನೋಡಬೇಕೆಂದುಕೊಂಡದ್ದೇ ಕಾಣುತ್ತದಲ್ಲ. 'ಮು' ಹೋಲಿತು, ಒತ್ತಕ್ಷರ ಹೋಲಿತು. "ಇದು ನಿಮ್ಮ ಮಗನ ಕೈ" ಎಂದುಬಿಟ್ಟೆ. ರತ್ನಕ್ಕನವರು ಕಾಫಿ ಲೋಟ ಕೆಳಗಿಟ್ಟರು. "ನಮ್ ಬದರಿ ಸುಳ್ಳು ಸಹಿ ಹಾಕೋನಲ್ಲ ಕಣ್ರೀ. ಬೇರೆ ಏನಾದ್ರೂ ಅನ್ನಿ, ಅದನ್ನ ಅನ್ಬೇಡಿ" ಎಂದರು. ಕಾಫಿ ಕುಡಿಯದೇ ಎದ್ದು ಬಂದೆ. ಎಂಟು ವರ್ಷದ ಸ್ನೇಹವನ್ನು ಐದು ನಿಮಿಷದಲ್ಲಿ ಹಾಳು ಮಾಡಿಕೊಂಡು ಬಂದೆ.

ಪೊಲೀಸ್ ಸ್ಟೇಷನ್ನಿಗೂ ಹೋದೆವು. ಕಾನ್‌ಸ್ಟೇಬಲ್ ಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು, "ಏನಮ್ಮಾ, ದಿನಾ ಕಾರ್ಡ್ ಬರ್ತಿದೆ, ಕ್ಷೇಮ ಅಂತ ಬರ್ದಿದೆ, ಏನಂತ ಕಂಪ್ಲೇಂಟ್ ಬರ್ಕೊಳ್ಲಿ?" ಎಂದ. ಸಹಿ ಅವನದಲ್ಲ ಎಂದೆ. "ಹೋಗ್ಲಿ, ಈ ಕ್ಷೇಮ ಅಂತ ಬರ್ದಿರೋದು ಯಾರು?" ಎಂದ. ನಾನೇ ಎಂದೆ. ಆತ ಇವರ ಮುಖ ನೋಡಿದ, ಇವರು ಗೋಡೆ ನೋಡಿದರು. ಈಗ ಅದನ್ನು ನೆನೆದರೆ ನಗು ಬರುತ್ತದೆ, ಆವತ್ತು ಬರಲಿಲ್ಲ.

ಕೊನೆಗೆ ರಾಜಾನುಕುಂಟೆಗೆ, ಪುಟ್ಟಣ್ಣನ ತಾಯಿ ಸುಬ್ಬಮ್ಮನವರಲ್ಲಿಗೆ ಹೋದೆ. ಆಕೆ ಸೊಪ್ಪಿನ ಮಡಿಗೆ ನೀರು ಕಟ್ಟುತ್ತಿದ್ದರು. ಮಗನಿಂದ ಕಾಗದ ಬಂತೇ ಎಂದರೆ, "ಅವ್ನು ಕಾಗ್ದ ಆಕಾಕಿಲ್ಲ, ಆಕುದ್ರೂ ನಂಗೆ ಓದಾಕ್ ಬರಾಕಿಲ್ಲ" ಎಂದರು. ನಾನು ಬದುವಿನ ಮೇಲೆ ಕೂತು ಅತ್ತುಬಿಟ್ಟೆ. ಆಕೆ ಕೆಸರುಗೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಬೆನ್ನು ಸವರಿದರು. "ಇಂಗ್ ಅಳ್ಬ್ಯಾಡಿ ಕಣವ್ವ. ಮೂರ್ ಜನ ಓಗವ್ರೆ, ಮೂರ್ ಜನಾನೂ ಬತ್ತಾರೆ. ಓದಾಕ್ ಬರ್ದೆ ಇರೋದೂ ಒಂದೊಂದ್ಸಲ ಪುಣ್ಯ." ಒಂದು ಕಟ್ಟು ದಂಟಿನ ಸೊಪ್ಪು ಕೊಟ್ಟು ಬಸ್ಸು ಹತ್ತಿಸಿದರು.

ಅಷ್ಟರಲ್ಲಿ ಕಾರ್ಡುಗಳ ಸಹಿ ದಿನದಿಂದ ದಿನಕ್ಕೆ ಸುಧಾರಿಸತೊಡಗಿತ್ತು. ಕಲ್ಲಿಕೋಟೆಯಲ್ಲಿ ವಾಲಿದ್ದು ಆಲಪ್ಪುಳದಲ್ಲಿ ನೆಟ್ಟಗಾಯಿತು, ಕೊಲ್ಲಂಗೆ ಬರುವಾಗ ಮುತ್ತು ಪೋಣಿಸಿದ ಹಾಗೆ. ಸುಳ್ಳು ಸಹಿ ಹಾಕಿ ಹಾಕಿ ಕೈ ಪಳಗಿದೆ ಎಂದು ನಾನು ಇನ್ನಷ್ಟು ಕುಸಿದೆ.

ಮೇ ಇಪ್ಪತ್ತರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಮೂರು ಜನ ಬಸ್ ಸ್ಟ್ಯಾಂಡಿನ ಕಡೆಯಿಂದ ನಡೆದು ಬಂದರು, ಮೂವರೂ ರೊಟ್ಟಿ ಹೆಂಚಿನ ಬಣ್ಣ. ನಡುವಿನವನು ನನ್ನವನು. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್, ಕುತ್ತಿಗೆಗೆ ಪುಟ್ಟಣ್ಣನ ಟವೆಲಿನ ಜೋಳಿಗೆ. ನಾನು ಚೊಂಬು ಕೆಳಗಿಟ್ಟು ಹೋಗಿ ಅವನ ಬೆನ್ನಿಗೆ ಎರಡು ಬಾರಿಸಿದೆ. ಆಮೇಲೆ ಅಪ್ಪಿಕೊಂಡೆ. ಬೀದಿಯವರೆಲ್ಲ ನೋಡುತ್ತಿದ್ದರು, ನೋಡಲಿ. ಎದೆಯ ಮೇಲಿದ್ದ ಬಂಡೆ ಸರಿದದ್ದನ್ನು ನಾನು ಯಾರಿಂದಲೂ ಮುಚ್ಚಿಡಬೇಕಿರಲಿಲ್ಲ.

ಬೇಕಲದ ಕೋಟೆಯ ಕೆಳಗೆ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದನಂತೆ. ಬದರಿ ವಾಪಸು ಹೋಗೋಣ ಎಂದನಂತೆ, ಇವನು ಕನ್ಯಾಕುಮಾರಿ ನೋಡದೆ ಬರುವುದಿಲ್ಲ ಎಂದನಂತೆ. ಅಲ್ಲಿಂದ ಮುಂದೆ ಇವನ ಚೀಲವನ್ನು ಇಬ್ಬರೂ ಸರದಿಯ ಮೇಲೆ ಹೊತ್ತಿದ್ದಾರೆ, ಚಪ್ಪಲಿಯ ಬಕಲ್ಲನ್ನೂ ಹಾಕಿದ್ದಾರೆ. ಸುಳ್ಳು ಸಹಿಯವನೆಂದು ನಾನು ದೂರಿದ ಬದರಿ ಇವನ ತಲೆ ತೊಳೆದು ಸ್ನಾನ ಮಾಡಿಸಿದ್ದಾನೆ.

"ಒಂದು ಮಾತು ಬರೆಯೋಕೆ ಏನಾಗಿತ್ತೋ ನಿಂಗೆ?" ಎಂದೆ.

"ಜಾಗ ಎಲ್ಲಿತ್ತು ಅಮ್ಮೀ? ಎಲ್ಲಾ ನೀವೇ ಬರ್ದಿದ್ರಲ್ಲ" ಎಂದ. ಮುಖದಲ್ಲಿ ತಮಾಷೆ ಇತ್ತು, ಮಾತು ಮಾತ್ರ ನಿಜವಾಗಿತ್ತು.

"ಸಹಿ ಯಾರು ಹಾಕಿದ್ದು?"

"ನಾನೇ. ಇನ್ಯಾರು?"

ನಾನು ನಂಬಲಿಲ್ಲ. ಕಾಗದ, ಪೆನ್ಸಿಲ್ ಮುಂದಿಟ್ಟೆ. ಅವನು ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಒಂದು ಸಲವೂ ಎತ್ತದೆ, ಮುಜಫ್ಫರ್ ಎಂದು ಬರೆದ. ಕೊಲ್ಲಂನ ಕಾರ್ಡಿನ ಅದೇ ಸಹಿ. ಇವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮಮ್ಮ ಹತ್ತು ದಿನದಿಂದ ನಿನ್ನನ್ನ ಸಮುದ್ರದಲ್ಲಿ ಮುಳುಗಿಸಿಟ್ಟಿದ್ಲು ಕಣೋ" ಎಂದರು. ನಾನೂ ನಕ್ಕೆ. ಅಂದು ಮಧ್ಯಾಹ್ನ ಮೂವರೂ ಉಂಡ ರೀತಿ ನೀನು ನೋಡಬೇಕಿತ್ತು. ಪುಟ್ಟಣ್ಣ ಮೊದಲ ಬಾರಿಗೆ ಸಮುದ್ರ ಕಂಡವನು, ಅದರ ದಂಡೆಯಲ್ಲಿ ನಿಂತು, "ಇಷ್ಟ್ ನೀರೈತೆ, ಒಂದ್ ಮಡಿ ಸೊಪ್ಪಿಗೂ ಆಗಾಕಿಲ್ವಲ್ಲ" ಎಂದು ಬೇಸರಪಟ್ಟನಂತೆ.

ಸಂಜೆಯೇ ಒಂದು ಬುಟ್ಟಿ ಮಾವಿನಹಣ್ಣು ತೆಗೆದುಕೊಂಡು ರತ್ನಕ್ಕನವರಲ್ಲಿಗೆ ಹೋಗಿ ಕ್ಷಮೆ ಕೇಳಿದೆ. "ಆವತ್ತಿನ ಕಾಫಿ ಬಾಕಿ ಇದೆ, ಮೊದಲು ಕುಡೀರಿ" ಎಂದರು. ದೊಡ್ಡ ಮನಸ್ಸು. ಕನ್ಯಾಕುಮಾರಿಯ ಕಾರ್ಡು ಮಾತ್ರ ಮಗ ಬಂದ ಎರಡು ದಿನದ ಮೇಲೆ ಬಂತು. ನಾನು ಕ್ಷೇಮ ಎಂದಿತ್ತು. ಈ ಸಲ ನಂಬಿದೆ.

ಮುಂದಿನ ವಾರ ರಂಜಾನ್ ಶುರು. ಹಬ್ಬಕ್ಕೆ ನೀವು ಮೂವರೂ ಬನ್ನಿ, ಕಡಲ ಕಥೆಗಳನ್ನು ಅವನ ಬಾಯಲ್ಲೇ ಕೇಳಿ. ತುಂಗಾಳ ಎರಡೂ ಕೆನ್ನೆಗೆ ನನ್ನ ಮುತ್ತು. ಯಜಮಾನರಿಗೆ ಸಲಾಂ. ನಿನ್ನ ಮನೆಯ ಬಾಗಿಲಿಗೆ ಕೆಟ್ಟ ಸುದ್ದಿ ದಾರಿ ತಪ್ಪಿಯೂ ಬಾರದಿರಲಿ.

ಇಂತಿ ನಿನ್ನ,
ಫಖ್ರುನ್ನೀಸಾ

ತಾ.ಕ.: ಉತ್ತರ ಕೊಡದೆ ಸಹಿ ಹಾಕಿಬಿಟ್ಟೆ. ಪೆನ್ನು ಅಲ್ಲಿಗೆ ಬರಲು ಹೆದರುತ್ತಿತ್ತು.

ತುಂಗಾ ಎಡಗೈಯಲ್ಲಿ ಬಳಪ ಹಿಡಿಯುತ್ತಾಳೆ, ನಿನ್ನ ಮುಜಫ್ಫರ್‌ನನ್ನು ನೀನು ಹೇಗೆ ತಿದ್ದಿದೆ, ಎಷ್ಟು ತಿಂಗಳು ಹಿಡಿಯಿತು ಎಂದು ಕೇಳಿದ್ದೀ. ಅವನನ್ನು ತಿದ್ದಿದಾಗ ನಾನು ಹೆಮ್ಮೆಯಿಂದ ನಿನಗೆ ಬರೆದ ಕಾಗದ ಇನ್ನೂ ನಿನ್ನ ಹತ್ತಿರ ಇದೆಯಂತೆ. ಹೇಳುತ್ತೇನೆ. ಹಳೇ ದುಪಟ್ಟಾದಲ್ಲಿ ಅವನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದೆ. ಉಣ್ಣುವಾಗಲೂ ಬರೆಯುವಾಗಲೂ. ಅತ್ತೆ ಅದು ಉಣ್ಣುವ ಕೈಯಲ್ಲ ಎನ್ನುತ್ತಿದ್ದರು, ನಾನು ಅದು ಬರೆಯುವ ಕೈಯಲ್ಲ ಎನ್ನುತ್ತಿದ್ದೆ. ಐದು ವರ್ಷದವನು ಮೊದಮೊದಲು ಅಳುತ್ತಿದ್ದ, ಆಮೇಲೆ ಬೆಳಿಗ್ಗೆ ಎದ್ದವನೇ ತಾನೇ ದುಪಟ್ಟಾ ತಂದು ಕೊಡುತ್ತಿದ್ದ. ಅದನ್ನೇ ನಾನು ಗೆಲುವು ಎಂದುಕೊಂಡೆ. ನಾಲ್ಕು ತಿಂಗಳು ಹಿಡಿಯಿತು. ನಾನು ಹರಿದು ಹಾಕಿದ ಪುಟದಲ್ಲಿ, ದುಪಟ್ಟಾ ಮೆತ್ತಗಿರಲಿ, ಚರ್ಮ ಕೆಂಪಾಗದ ಹಾಗೆ ನೋಡಿಕೋ ಎಂದೆಲ್ಲ ನಿನಗೆ ಬರೆದಿದ್ದೆ.

ಆ ಪುಟವೂ ನಿನ್ನ ಕಾಗದವೂ ಮೇಜಿನ ಮೇಲಿರುವಾಗಲೇ ಕಣ್ಣೂರಿನ ಕಾರ್ಡು ಬಂತು ನೋಡು. ಆದರೂ ನನಗೆ ಹೊಳೆಯಲಿಲ್ಲ. ಕಟ್ಟಿದ ಮೇಲೆ ಆ ಕೈ ಇಲ್ಲವೇ ಇಲ್ಲವೆಂದು ನಂಬಿಬಿಟ್ಟಿದ್ದೆ. ಹದಿನೈದು ವರ್ಷ ಅವನ ಕೋಳಿಕಾಲಿನ ಅಕ್ಷರಕ್ಕೆ ಬೈದೆ. ಹುಟ್ಟಿನಿಂದ ಬಂದ ಕೈಗೆ ಹದಿನೈದೇ ದಿನ ಬಿಡುವು ಸಿಕ್ಕಿತು, ಅದು ಮುತ್ತಿನಂತೆ ಬರೆಯಿತು. ಅದನ್ನು ನೋಡಿ ತಾಯಿಯಾದವಳು ಇದು ನನ್ನ ಮಗನದಲ್ಲ ಎಂದು ಪೊಲೀಸರವರೆಗೆ ಹೋದೆ.

ಗುರುವಾರ ಪ್ಲಾಸ್ಟರ್ ಬಿಚ್ಚಿದರು. ಮನೆಗೆ ಬಂದವನೇ ಪೆನ್ನನ್ನು ಬಲಗೈಗೆ ತೆಗೆದುಕೊಂಡ. ಎಡಗೈಯಲ್ಲೇ ಬರಿ ಮಗಾ ಎಂದೆ. ಅವನು ನನ್ನ ಕೈಯಲ್ಲಿ ಏನಾದರೂ ಇದೆಯೇ ಎನ್ನುವ ಹಾಗೆ ಮೊದಲು ನನ್ನ ಕೈ ನೋಡಿದ, ಆಮೇಲೆ ಮುಖ ನೋಡಿದ. "ಬೇಡ ಅಮ್ಮೀ, ಇದೇ ಅಭ್ಯಾಸ ಆಗೋಗಿದೆ" ಎಂದ.

ತುಂಗಾಳ ಕೈ ಕಟ್ಟಬೇಡ ಗೋದಾ. ಅವಳು ಯಾವ ಕೈ ಚಾಚುತ್ತಾಳೋ ಆ ಕೈಗೇ ಬಳಪ ಕೊಡು. ಅವಳ ಅಕ್ಷರ ನಿನಗೆ ಮೊದಲ ದಿನದಿಂದಲೇ ಗುರುತಿರಲಿ.